ಸಾಕಿದ ಹಕ್ಕಿಯ ಹಸ್ತಾಂತರವೂ ಅಂಟುಜಾಡ್ಯವೂ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳಲ್ಲಿ ಮನೆಯೊಳಗೆ ಹಕ್ಕಿಗಳನ್ನು ಸಾಕುವ ಹವ್ಯಾಸವು ಹೊಸದಲ್ಲ. ಮಾಳಿಗೆಯ ಮೇಲೆ ಪಾರಿವಾಳಗಳನ್ನು ಸಾಕಿ ಹಾರಿಸುವ ಶೋಕಿಯು ಹಳೆಯ ಕಾಲದ್ದು. ಜನರು 'ಲವ್ ಬರ್ಡ್ಸ್' ಎಂದು ಕರೆಯುವ ಆಸ್ಟ್ರೇಲಿಯಾದ ಸಣ್ಣ ಗಿಳಿಗಳನ್ನೂ ಜುಟ್ಟಿನ ಕಾಕಟೀಲ್ ಹಕ್ಕಿಗಳನ್ನೂ ಕೊಂಡು ತಂದು ಮಕ್ಕಳ ವಿನೋದಕ್ಕಾಗಿ ತೂಗುಹಾಕುವ ರೂಢಿಯು ಈಚಿನದು. ಹವ್ಯಾಸವು ಬಂದಂತೆ ಅದರ ಬೇಸರವೂ ಬರುವದು. ಮಕ್ಕಳಿಗೆ ಪರೀಕ್ಷೆಯ ಕಾಲ ಬಂದಿತು, ಬಾಡಿಗೆಯ ಮನೆಯ ಮಾಲಕರು ಬೇಡವೆಂದರು, ನೌಕರಿಯಲ್ಲಿ ವರ್ಗವಾಗಿ ಪರಸ್ಥಳಕ್ಕೆ ಹೋಗಬೇಕಾಯಿತು, ಇಲ್ಲವೆ ಹಕ್ಕಿಯೇ ಗರಿ ಕೆದರಿಕೊಂಡು ಮಂಕಾಗಿ ಕುಳಿತಿತು. ಇಂಥ ಯಾವದಾದರೊಂದು ಕಾರಣದಿಂದ ಆ ಪಂಜರವು ಮನೆಗೆ ಭಾರವಾಗುವದು. ಆಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವು ಒಂದೇ: "ಹಳ್ಳಿಗೆ ಕಳಿಸಿಬಿಡೋಣ, ಅಲ್ಲಿ ಬೇಕಾದಷ್ಟು ಜಾಗವಿದೆ, ಕಾಳು-ಕಡಿಗೆ ಕೊರತೆಯಿಲ್ಲ, ಕಾಕಾನ ಹಿತ್ತಲಲ್ಲಿ ಹೇಗೋ ಬದುಕಿಕೊಳ್ಳುವದು."

ಹೀಗೆ ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಅಳ್ನಾವರ ತಾಲೂಕುಗಳ ಹಿತ್ತಲುಗಳು ನಗರದವರಿಗೆ ಬೇಡವಾದ ಹಕ್ಕಿಗಳ ಆಶ್ರಯಸ್ಥಾನಗಳಾಗುವ ಸಂಭವವಿದೆ. ಊರಿನಲ್ಲಿ ಯಾರ ಮನೆಯ ಹಿತ್ತಲು ದೊಡ್ಡದು? ಗೌಡರದು, ಜಮೀನುದಾರರದು. ಆದಕಾರಣ ಈ ಪಂಜರಗಳು ಬಂದು ಇಳಿಯುವದೂ ಬಹುತರವಾಗಿ ನಿಮ್ಮ ಕಟ್ಟೆಯ ಮೇಲೆಯೇ. ನಿರೋಗಿಯಾದ ಹಕ್ಕಿಯಾದರೆ ಅದು ಒಂದು ಸಣ್ಣ ಉಪಕಾರದ ಮಾತು. ಅದರ ಬಗ್ಗೆ ಮಾಸಪತ್ರಿಕೆಯ ಪುಟಗಳನ್ನು ತುಂಬಿಸಬೇಕಾದ ಅಗತ್ಯವಿಲ್ಲ. ಆದರೆ ಮಂಕಾಗಿ ಕುಳಿತ ಹಕ್ಕಿಯನ್ನು 'ಹಳ್ಳಿಯ ಹವೆಯಲ್ಲಿ ಸುಧಾರಿಸೀತು' ಎಂದು ಕಳಿಸುವಾಗ ಪಂಜರದ ಸಂಗಡ ಏನು ಬರುತ್ತದೆ, ಅದನ್ನು ಸ್ವೀಕರಿಸುವವನ ಹೊಣೆಯೇನು, ಅಂಟುಜಾಡ್ಯವುಳ್ಳ ಹಕ್ಕಿಗೆ ಬೇರೆ ಮನೆಯನ್ನು ಹುಡುಕುವದು ದಯೆಯೋ ಅನ್ಯಾಯವೋ ಎಂಬ ಪ್ರಶ್ನೆಗಳನ್ನು ಊರ ಹಿರಿಯರು ಒಮ್ಮೆ ಸಾವಧಾನವಾಗಿ ವಿಚಾರಿಸುವದು ಅವಶ್ಯವೆಂದು ಈ ಲೇಖಕನ ಅಭಿಪ್ರಾಯವಾಗಿದೆ.

ಮೊದಲು ಒಂದು ತತ್ವವನ್ನು ಮನಗಾಣಬೇಕು. ರೋಗವುಳ್ಳ ಹಕ್ಕಿಯೆಂದರೆ ರೋಗಿಯಾಗಿ ಕಾಣುವ ಹಕ್ಕಿಯೇ ಎಂದು ನಾವು ತಿಳಿಯುತ್ತೇವೆ. ಇದು ದೊಡ್ಡ ತಪ್ಪು. ಹಕ್ಕಿಗಳ ಅನೇಕ ಸಾಂಸರ್ಗಿಕ ರೋಗಗಳಲ್ಲಿ, ಚೇತರಿಸಿಕೊಂಡ ಹಕ್ಕಿಯೂ, ಎಂದೂ ರೋಗಲಕ್ಷಣವನ್ನೇ ತೋರಿಸದ ಹಕ್ಕಿಯೂ ರೋಗಬೀಜವನ್ನು ಮೈಯಲ್ಲಿಟ್ಟುಕೊಂಡು ಹಿಕ್ಕೆಯ ಮೂಲಕ, ಮೂಗಿನ ಸ್ರಾವದ ಮೂಲಕ ಆಗಾಗ ಹೊರಹಾಕುತ್ತಿರುವದು. ಅದಕ್ಕಿಂತಲೂ ಲಕ್ಷ್ಯಕ್ಕೆ ತರಬೇಕಾದ ಸಂಗತಿಯೆಂದರೆ, ಸ್ಥಳ ಬದಲಾವಣೆ, ಪ್ರಯಾಣದ ಆಯಾಸ, ಇಕ್ಕಟ್ಟು, ಹೊಸ ಆಹಾರ ಇವುಗಳಿಂದ ಹಕ್ಕಿಯ ಮೈಬಲವು ಕುಗ್ಗಿದಾಗಲೇ ಈ ಹೊರಹಾಕುವಿಕೆಯು ಹೆಚ್ಚಾಗುವದು. ಅಂದಮೇಲೆ ಹಕ್ಕಿಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ಕಾರ್ಯವೇ, ಅಡಗಿ ಕುಳಿತ ರೋಗವನ್ನು ಎಬ್ಬಿಸುವ ಕಾರ್ಯವಾಗಬಹುದು. ಹಳೆಯ ಮನೆಯಲ್ಲಿ ಒಂದು ವರ್ಷ ಯಾರಿಗೂ ಏನೂ ಮಾಡದ ಹಕ್ಕಿಯು ಹೊಸ ಮನೆಯಲ್ಲಿ ಒಂದು ತಿಂಗಳಿನೊಳಗೆ ಅನಾಹುತ ಮಾಡುವದು ಇದರಿಂದಲೇ. ಕೊಟ್ಟವನು ಸುಳ್ಳು ಹೇಳಿರುವದಿಲ್ಲ. ಕೊಂಡವನು ಅಲಕ್ಷ್ಯ ಮಾಡಿರುವದಿಲ್ಲ. ಆದರೂ ಕೇಡು ಸಂಭವಿಸಿರುವದು.

ಇನ್ನು 'ಅಂಟುಜಾಡ್ಯ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟುವದೂ ಸರಿಯಲ್ಲ. ಜಾಡ್ಯವು ಯಾವದು ಎಂಬುದರ ಮೇಲೆ ನಮ್ಮ ಕರ್ತವ್ಯವು ಬೇರೆ ಬೇರೆಯಾಗುವದು. ನಮ್ಮ ಪ್ರಾಂತದ ದೃಷ್ಟಿಯಿಂದ ನಾಲ್ಕು ರೋಗಗಳನ್ನು ಇಲ್ಲಿ ವಿವರಿಸುವೆನು.

ಒಂದನೆಯದು, ನಮ್ಮ ಒಕ್ಕಲುಮಕ್ಕಳು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ ರೋಗ. ಇದು 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲಂಡದ ನ್ಯೂಕ್ಯಾಸಲ್ ಪಟ್ಟಣದ ಹತ್ತಿರವೂ ಗುರುತಿಸಲ್ಪಟ್ಟಿತು. ಅದರ ಹಿಂದೆಯೇ ಕುಮಾವೂ ಬೆಟ್ಟಸೀಮೆಯ ರಾಣಿಖೇತದಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿತು. ಕೋಳಿಯು ಬಾಯಿ ತೆರೆದು ಉಸಿರಾಡುವದು, ಹಸಿರು-ಬಿಳುಪಾಗಿ ಭೇದಿಯಾಗುವದು, ರೆಕ್ಕೆ ಜೋತು ಬೀಳುವದು, ಕತ್ತು ತಿರುಚಿಕೊಳ್ಳುವದು ಇದರ ಲಕ್ಷಣಗಳು. ಲಸಿಕೆ ಹಾಕಿಸದ ಹಿಂಡಿನಲ್ಲಿ ಹೊಕ್ಕರೆ ಒಂದು ವಾರದಲ್ಲಿ ಗೂಡು ಬರಿದಾಗುವದುಂಟು. ರೋಗ ಬಂದ ಮೇಲೆ ಔಷಧವಿಲ್ಲ. ಬರುವದಕ್ಕೆ ಮುಂಚೆ ಲಸಿಕೆಯಿದೆ. ಈ ರೋಗವು ಕೋಳಿಗೆ ಮಾತ್ರ ಬರುವದೆಂದು ತಿಳಿಯಬಾರದು. ಪಾರಿವಾಳಗಳಿಗೂ ಗಿಳಿಗಳಿಗೂ ಬರುವದು. ಗಿಳಿಯ ಜಾತಿಯ ಕೆಲವು ಹಕ್ಕಿಗಳು ಇದರಿಂದ ಸಾಯದೆ, ಹೊರಗೆ ಆರೋಗ್ಯವಾಗಿ ಕಾಣುತ್ತಲೇ, ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷಕ್ಕೂ ಮೇಲ್ಪಟ್ಟು ರೋಗಬೀಜವನ್ನು ಚೆಲ್ಲುತ್ತಿರುವದು ಪರೀಕ್ಷೆಗಳಿಂದ ಗೊತ್ತಾಗಿದೆ.

ಇದರ ಪರಿಣಾಮವು ಎಷ್ಟರಮಟ್ಟಿಗೆ ಹೋಗಬಹುದೆಂಬದಕ್ಕೆ ಒಂದು ನಿದರ್ಶನವು ಸಾಕು. 1971ರಲ್ಲಿ ಅಮೇರಿಕೆಯ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ರೋಗವು ಅತ್ಯುಗ್ರವಾಗಿ ಹಬ್ಬಿತು. ಅದು ಹೊರದೇಶಗಳಿಂದ ತರಿಸಿದ ಶೋಕಿಯ ಹಕ್ಕಿಗಳ ಮೂಲಕ ಬಂದುದೆಂದು ವಿಚಾರಣೆಯಿಂದ ಕಂಡುಬಂದಿತು. ಅದನ್ನು ನಿರ್ಮೂಲ ಮಾಡುವಷ್ಟರಲ್ಲಿ ಸುಮಾರು 1 ಕೋಟಿ 20 ಲಕ್ಷ ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಸರಕಾರಕ್ಕೆ 5 ಕೋಟಿ 60 ಲಕ್ಷ ಡಾಲರುಗಳಷ್ಟು ವೆಚ್ಚವಾಯಿತು. ಪಂಜರದೊಳಗಿನ ಹಕ್ಕಿಯು ಪಂಜರದೊಳಗೇ ಇದ್ದಿತು. ಅದರ ರೋಗವು ಮಾತ್ರ ಪಂಜರವನ್ನು ದಾಟಿ ಹೋಗಿ ಒಂದು ಪ್ರಾಂತದ ಕುಕ್ಕುಟೋದ್ಯಮವನ್ನೇ ಅಲ್ಲಾಡಿಸಿತು.

ಎರಡನೆಯದು ಗಿಳಿಜ್ವರ. ಇದು ಗಿಳಿ, ಪಾರಿವಾಳ ಮುಂತಾದ ಹಕ್ಕಿಗಳಿಂದ ಮನುಷ್ಯನಿಗೆ ತಗಲುವ ರೋಗವಾಗಿದೆ. ಒಣಗಿದ ಹಿಕ್ಕೆಯ ಧೂಳನ್ನು ಉಸಿರಿನೊಂದಿಗೆ ಒಳಗೆ ಸೆಳೆದುಕೊಳ್ಳುವದರಿಂದ ಇದು ಬರುವದು. ಹೆಚ್ಚಾಗಿ 5 ರಿಂದ 14 ದಿವಸಗಳ ಮೇಲೆ ಚಳಿಜ್ವರ, ಬಲವಾದ ತಲೆನೋವು, ಒಣಕೆಮ್ಮು ಕಾಣಿಸಿಕೊಂಡು, ಅಲಕ್ಷ್ಯ ಮಾಡಿದರೆ ಪುಪ್ಪುಸದ ಉರಿಯೂತಕ್ಕೆ ತಿರುಗುವದು. 1929-30ರಲ್ಲಿ ದಕ್ಷಿಣ ಅಮೇರಿಕೆಯಿಂದ ಮಾರಾಟಕ್ಕೆ ಹೋದ ಗಿಳಿಗಳ ಮೂಲಕ ಇದು ಯುರೋಪ ಹಾಗೂ ಉತ್ತರ ಅಮೇರಿಕೆಯ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ಹಬ್ಬಿ ನೂರಾರು ಜನರನ್ನು ಹಾಸಿಗೆ ಹಿಡಿಸಿತು, ಅನೇಕರು ಮೃತಪಟ್ಟರು, 1930ರ ಜನವರಿಯಲ್ಲಿ ಅಮೇರಿಕೆಯ ಅಧ್ಯಕ್ಷ ಹೂವರರು ಗಿಳಿಗಳ ಆಮದನ್ನೇ ತಡೆದರು. ಆ ಬಳಿಕ 1930ರ ದಶಕದಲ್ಲಿ ಕಾರ್ಲ್ ಮೇಯರ್ ಎಂಬ ಶಾಸ್ತ್ರಜ್ಞರು ವಿಚಾರಿಸಲಾಗಿ, ಕ್ಯಾಲಿಫೋರ್ನಿಯಾದ ಮನೆಗಳ ಹಿತ್ತಲಲ್ಲಿಯೇ ಮರಿ ಮಾಡಿಸಿ ಮಾರುತ್ತಿದ್ದ, ಆರೋಗ್ಯವಾಗಿ ಕಾಣುತ್ತಿದ್ದ ಸಣ್ಣ ಗಿಳಿಗಳಲ್ಲಿಯೂ ಈ ರೋಗವು ನೆಲೆಸಿದ್ದಿತೆಂದು ಹೊರಬಿದ್ದಿತು. ಅಂದರೆ ತಪ್ಪು ಹಡಗಿನ ಗಿಳಿಯದಷ್ಟೇ ಅಲ್ಲ, ನೆರೆಮನೆಯ ಗಿಳಿಯದೂ ಆಗಿರಬಹುದು. ಇಂದು ಇದಕ್ಕೆ ಉತ್ತಮ ಔಷಧಗಳಿವೆ; ಮನುಷ್ಯನೂ ಗುಣವಾಗುವನು, ಹಕ್ಕಿಗೂ ಚಿಕಿತ್ಸೆಯುಂಟು. ಆದರೆ ಹಕ್ಕಿಗೆ ಸಾಮಾನ್ಯವಾಗಿ 45 ದಿವಸಗಳವರೆಗೆ ಬಿಡದೆ ಔಷಧವನ್ನು ಕೊಡಬೇಕಾಗುವದು. ಹದಿನೈದು ದಿವಸಕ್ಕೆ ಹಕ್ಕಿಯು ಚುರುಕಾಯಿತೆಂದು ಔಷಧ ನಿಲ್ಲಿಸಿ ಬೇರೆಯವರಿಗೆ ಕೊಟ್ಟರೆ, ಕೊಟ್ಟದ್ದು ಹಕ್ಕಿಯನ್ನಲ್ಲ, ರೋಗವನ್ನು.

ಮೂರನೆಯದು, ಗಿಳಿಗಳ ಕೊಕ್ಕು ಹಾಗೂ ಗರಿಗಳ ರೋಗ. ಗರಿಗಳು ಉದುರಿ ಮತ್ತೆ ವಿಕಾರವಾಗಿ ಹುಟ್ಟುವವು, ಕೊಕ್ಕು ಸೀಳುವದು, ಮೈಬಲ ಕುಗ್ಗಿ ಹಕ್ಕಿಯು ಬೇರೆ ರೋಗಗಳಿಗೆ ತುತ್ತಾಗುವದು. ಇದಕ್ಕೆ ಔಷಧವಿಲ್ಲ. ಇದು ಮನುಷ್ಯನಿಗೆ ಬರುವದಿಲ್ಲ. ಕೋಳಿಗೂ ಇದರ ಭಯವಿಲ್ಲ. ಆದರೆ ಗರಿಯ ಪುಡಿಯಿಂದಲೂ ಹಿಕ್ಕೆಯಿಂದಲೂ ಬೇರೆ ಗಿಳಿಗಳಿಗೆ ಅಂಟುವದು. ರೋಗಬೀಜವು ಪಂಜರದಲ್ಲಿ ಬಹುಕಾಲ ಉಳಿಯುವದು. ನಮ್ಮ ಆಲ-ಅರಳಿಗಳ ಪೊಟರೆಯಲ್ಲಿ ವಾಸಿಸುವ ಹಸಿರು ಗಿಳಿಗಳಿಗೂ ಇದು ತಗಲಬಲ್ಲುದು.

ನಾಲ್ಕನೆಯದು ಹಕ್ಕಿಜ್ವರ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರದಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿಯೂ, 2020ರ ಮಾರ್ಚದಲ್ಲಿ ಮೈಸೂರು ನಗರದಲ್ಲಿಯೂ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿಯೂ ಕಾಣಿಸಿಕೊಂಡಿತು. ಈ ರೋಗವು ದೃಢಪಟ್ಟ ಸ್ಥಳದ ಸುತ್ತಲು ಒಂದು ಕಿಲೋಮೀಟರಿನೊಳಗಿನ ಕೋಳಿ ಮುಂತಾದ ಸಾಕಿದ ಹಕ್ಕಿಗಳನ್ನು ನಾಶಪಡಿಸುವದು ಆಗಿನ ಕ್ರಮವಾಗಿದ್ದಿತು. ಅಂಥಲ್ಲಿ ಕೋಳಿಯೂ ಪಂಜರದ ಹಕ್ಕಿಯೂ ಬೇರೆಯೆಂದು ಎಣಿಸಲ್ಪಡಲಿಲ್ಲ. ಇಲ್ಲಿ ಹಸ್ತಾಂತರದ ಪ್ರಶ್ನೆಯೇ ಏಳುವದಿಲ್ಲ. ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆಗೆ ಜಾಗತಿಕ ಮಹತ್ವದ ಜೌಗುಭೂಮಿಯೆಂಬ ರಾಮಸರ್ ಮನ್ನಣೆಯೂ ದೊರೆತಿದೆ. ಇದೇ ಜಾತಿಯ ಹೆಬ್ಬಾತುಗಳು 2005ರಲ್ಲಿ ಚೀನದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತುವು. ಕಾಡಿನ ಹಕ್ಕಿಯಿಂದ ಮನೆಯ ಹಕ್ಕಿಗೂ ಮನೆಯ ಹಕ್ಕಿಯಿಂದ ಕಾಡಿನ ಹಕ್ಕಿಗೂ ರೋಗದ ಹಾದಿಯು ತೆರೆದೇ ಇರುವದೆಂಬದನ್ನು ಕೆರೆಯ ಸಮೀಪದ ಹೊಲದವರು ಮರೆಯಬಾರದು.

ಈಗ ವಿಚಾರಕ್ಕೆ ಬರೋಣ. ಹುಬ್ಬಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಆರು ಸಣ್ಣ ಗಿಳಿಗಳಲ್ಲಿ ಎರಡು ಸತ್ತವು, ಒಂದು ಕತ್ತು ತಿರುಚಿಕೊಂಡು ಬದುಕಿತು, ಮೂರು ನೆಟ್ಟಗಿವೆ. ಮನೆಯ ಯಜಮಾನನು ಆ ನಾಲ್ಕನ್ನು ಊರಿನಲ್ಲಿಯ ಅಣ್ಣನ ಮನೆಗೆ ತಂದು ಬಿಟ್ಟನು. ಅಣ್ಣನು ಇಪ್ಪತ್ತು ಕೂರಿಗೆ ಜಮೀನಿನ ಒಡೆಯ. ಹಿತ್ತಲಲ್ಲಿ ಹತ್ತು-ಹನ್ನೆರಡು ಕೋಳಿಗಳುಂಟು. ಅವು ಸತ್ತರೂ ಅವನ ಮನೆಯಲ್ಲಿ ಒಲೆ ಆರುವದಿಲ್ಲ. ಆದರೆ ಅವನ ಹಿತ್ತಲ ಬೇಲಿಯಾಚೆಗೆ ಕೂಲಿ ಮಾಡುವ ಒಬ್ಬ ವಿಧವೆಯ ಗುಡಿಸಲಿದೆ. ಅವಳ ಐದು ಕೋಳಿಗಳೇ ಅವಳ ಪೆಟ್ಟಿಗೆ, ಅವಳ ಸಂಚಿ, ಅವಳ ಸಂತೆಯ ಖರ್ಚು. ಮಗನಿಗೆ ಜ್ವರ ಬಂದರೆ ಒಂದು ಹುಂಜ ಮಾರುವಳು. ಶಾಲೆಯ ಪಾಟಿಚೀಲಕ್ಕೆ ತತ್ತಿ ಮಾರುವಳು. ಅವಳು ಗಿಳಿಯನ್ನು ಕೊಂಡವಳಲ್ಲ, ನೋಡಿದವಳೂ ಅಲ್ಲ. ಆದರೆ ನೀರಿನ ತೊಟ್ಟಿಗೆ ಬರುವ ಕಾಗೆ, ಗುಬ್ಬಿ, ಆಳಿನ ಕಾಲಿನ ಮಣ್ಣು ಇವುಗಳ ಮೂಲಕ ರೋಗವು ಬೇಲಿಯನ್ನು ದಾಟಿದರೆ ಮೊದಲು ಬರಿದಾಗುವದು ಅವಳ ಗೂಡು. ಒಬ್ಬರ ಶೋಕಿಯ ಋಣವನ್ನು ಇನ್ನೊಬ್ಬರ ಹೊಟ್ಟೆಯಿಂದ ತೀರಿಸುವ ಈ ವ್ಯವಹಾರವು ನ್ಯಾಯವೆಂದು ಯಾವ ಊರ ಪಂಚರೂ ಹೇಳಲಾರರು. ಈ ಪ್ರಶ್ನೆಯ ಹುರುಳು ಹಕ್ಕಿಯ ಪ್ರೀತಿಯಲ್ಲಿಲ್ಲ, ನೆರೆಹೊರೆಯ ಧರ್ಮದಲ್ಲಿದೆ ಎಂದು ನಾನು ಹೇಳುವದು ಇದಕ್ಕಾಗಿಯೇ.

ಇದಕ್ಕೆ ಪ್ರತಿಯಾಗಿ ದಯಾವಂತರು ಕೇಳುವರು: "ಹಾಗಾದರೆ ರೋಗವುಳ್ಳ ಹಕ್ಕಿಗಳನ್ನು ಯಾರೂ ತೆಗೆದುಕೊಳ್ಳಬಾರದೆ? ಅವುಗಳನ್ನು ಕತ್ತು ಹಿಸುಕಿ ಕೊಲ್ಲಬೇಕೆ?" ಪ್ರಶ್ನೆಯು ಯೋಗ್ಯವಾದದ್ದೇ. ಅಹಿಂಸೆಯನ್ನು ಪರಮಧರ್ಮವೆಂದು ತಿಳಿದ ಮನೆತನಗಳು ನಮ್ಮ ಸೀಮೆಯಲ್ಲಿ ಹಲವಿವೆ; 'ದಯೆಯೇ ಧರ್ಮದ ಮೂಲ' ಎಂಬ ಮಾತು ನಮ್ಮ ನೆಲದ್ದು. ಈ ಮನೋಭಾವವನ್ನು ಯಾರೂ ಹಳಿಯಕೂಡದು. ಆದರೆ ದಯೆಯು ಕಣ್ಣು ತೆರೆದುಕೊಂಡಿರಬೇಕು. ಒಂದು ಹಕ್ಕಿಯ ಮೇಲಿನ ದಯೆಯು ನೂರು ಹಕ್ಕಿಗಳ ಮರಣಕ್ಕೆ ಕಾರಣವಾದರೆ ಅದು ಲೆಕ್ಕದಲ್ಲಿ ತಪ್ಪಿದ ದಯೆಯು. ಹಾಗೆಂದು ಎಲ್ಲ ರೋಗಿ ಹಕ್ಕಿಗಳಿಗೂ ಮರಣದಂಡನೆಯೇ ಗತಿಯೆಂದು ನಾನು ಹೇಳುವದಿಲ್ಲ. ನನ್ನ ಅಭಿಪ್ರಾಯವು ಹೀಗಿದೆ.

ಗಿಳಿಜ್ವರದ ಹಕ್ಕಿಗೆ ಚಿಕಿತ್ಸೆಯುಂಟು. ಆದುದರಿಂದ ಚಿಕಿತ್ಸೆಯು ಮುಗಿಯುವವರೆಗೆ ಅದು ಇದ್ದ ಮನೆಯಲ್ಲಿಯೇ ಇರಬೇಕು. ಭಾರವನ್ನು ಹೊತ್ತುಕೊಂಡವನೇ ಅದನ್ನು ಇಳಿಸುವವರೆಗೂ ಹೊರಬೇಕು. ಮನೆಯಲ್ಲಿ ಬಸುರಿ ಹೆಂಗಸರೂ ಮುದುಕರೂ ಎಳೆಯ ಮಕ್ಕಳೂ ಇದ್ದು ಅದು ಅಶಕ್ಯವಾದರೆ, ಪಶುವೈದ್ಯರ ಆಶ್ರಯದಲ್ಲಿ ಇಡಬೇಕೇ ಹೊರತು ಸಂಬಂಧಿಕರ ಮನೆಗೆ ಸಾಗಿಸಬಾರದು. ಕೊಕ್ಕು-ಗರಿಗಳ ರೋಗವುಳ್ಳ ಗಿಳಿಯನ್ನು ಬೇರೆ ಯಾವ ಗಿಳಿಯೂ ಇಲ್ಲದ, ಮುಂದೆಯೂ ತರುವದಿಲ್ಲವೆಂದು ಮಾತು ಕೊಟ್ಟ ಮನೆಗೆ, ಇದ್ದ ಸಂಗತಿಯನ್ನು ಒಂದನ್ನೂ ಮುಚ್ಚದೆ ಹೇಳಿ ಕೊಡಬಹುದು. ಅಂಥ ಹಕ್ಕಿಯು ಒಬ್ಬಂಟಿಯಾಗಿ ಬಹುದಿನ ಬಾಳಿದರೂ ಬಾಳೀತು. ಅದನ್ನು ಅರಿತು ಸಾಕುವವರದು ನಿಜವಾದ ದಯೆಯು. ರಾಣಿಖೇತ ರೋಗದಿಂದ ಬದುಕಿ ಉಳಿದ ಹಕ್ಕಿಯನ್ನು ಕೋಳಿಯಿರುವ ಊರಿಗೆ, ಅಂದರೆ ನಮ್ಮ ಯಾವ ಹಳ್ಳಿಗೂ, ಕಳಿಸಕೂಡದು. ಇದ್ದ ಮನೆಯಲ್ಲಿಯೇ ಅದರ ಆಯುಷ್ಯವು ಕಳೆಯಲಿ, ಇಲ್ಲವೆ ಪಶುವೈದ್ಯರು ನೋವಿಲ್ಲದ ರೀತಿಯಿಂದ ಅದಕ್ಕೆ ಮುಕ್ತಿ ಕೊಡಲಿ. ಅದನ್ನು ನಿರ್ಣಯಿಸುವವರು ವೈದ್ಯರೇ, ನಾವಲ್ಲ. ಹಕ್ಕಿಜ್ವರದ ಸಂಶಯ ಬಂದಲ್ಲಿಯಂತೂ ಯಾರ ಇಷ್ಟಾನಿಷ್ಟಗಳೂ ನಡೆಯಲಾರವು; ಅಲ್ಲಿ ಕಾಯದೆಯೇ ಮಾತಾಡುವದು. ಆದುದರಿಂದ ಯಾವ ರೋಗವೆಂಬದನ್ನು ವೈದ್ಯರಿಂದ ತಿಳಿಯದೆ, ಹಕ್ಕಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಕೊಡುವದು ಎಂದಿಗೂ ತರವಲ್ಲ.

'ಬಿಟ್ಟುಬಿಡುವದು' ಎಂಬ ಇನ್ನೊಂದು ಉಪಾಯವಿದೆ. ಹಬ್ಬದ ದಿವಸ ಪಂಜರದ ಬಾಗಿಲು ತೆರೆದು ಹಕ್ಕಿಯನ್ನು ಹಾರಿಸಿಬಿಟ್ಟರೆ ಪುಣ್ಯವೆಂದು ಕೆಲವರು ನಂಬಿರುವರು. ಆರೋಗ್ಯವಾದ ಪರದೇಶದ ಹಕ್ಕಿಯಾದರೆ ಅದು ನಮ್ಮ ಬಯಲಿನಲ್ಲಿ ಆಹಾರ ಹುಡುಕಲಾರದೆ ಕೆಲವೇ ದಿವಸಗಳಲ್ಲಿ ಹದ್ದಿಗೋ ಬೆಕ್ಕಿಗೋ ಆಹಾರವಾಗುವದು. ರೋಗವುಳ್ಳದ್ದಾದರೆ ಸಾಯುವದಕ್ಕೆ ಮುಂಚೆ ಕೆರೆಯ ದಂಡೆಯಲ್ಲಿಯೂ ಕಣದಲ್ಲಿಯೂ ರೋಗವನ್ನು ಬಿತ್ತಿ ಸಾಯುವದು. ಇದು ಪುಣ್ಯದ ಬಿತ್ತನೆಯಲ್ಲ. ಇನ್ನು ನಮ್ಮ ನಾಡಿನ ಹಸಿರು ಗಿಳಿ, ಮುನಿಯ ಮುಂತಾದವುಗಳ ಮಾತೇ ಬೇರೆ. ಅವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ರಕ್ಷಣೆಗೆ ಒಳಪಟ್ಟಿರುವದರಿಂದ ಅವುಗಳನ್ನು ಹಿಡಿಯುವದೂ, ಮಾರುವದೂ, ಪಂಜರದಲ್ಲಿಡುವದೂ ಅಪರಾಧವು. ಅಂಥ ಹಕ್ಕಿಯು ನಿಮ್ಮ ಚಾವಡಿಗೆ ಬಂದರೆ ಇನ್ನೊಬ್ಬರಿಗೆ ದಾನ ಮಾಡದೆ ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು. ಒಪ್ಪಿಸುವಾಗ ಅದರ ಸಂಗಡ ಇದ್ದ ಹಕ್ಕಿಗಳಲ್ಲಿ ಯಾವವಾದರೂ ಸತ್ತಿದ್ದರೆ ಆ ಮಾತನ್ನೂ ಹೇಳತಕ್ಕದ್ದು.

ಇನ್ನು ಊರ ಹಿರಿಯರ ಹೊಣೆಯನ್ನು ಕುರಿತು ಎರಡು ಮಾತು. ಗೌಡಕಿ, ಕುಲಕರ್ಣಿಕೆಗಳ ವತನಗಳು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯದೆಯಿಂದ ಹೋದುವೆಂಬದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಊರಿನ ಜನರು ಗೌಡರ ಕಟ್ಟೆಗೆ ಬಂದು ಮಾತು ಕೇಳುವದು ಹೋಗಿಲ್ಲ. ಅನೇಕ ಊರುಗಳಲ್ಲಿ ಅದೇ ಮನೆತನದವರು ಇಂದು ಪಂಚಾಯತಿಯ ಸದಸ್ಯರೂ ಅಧ್ಯಕ್ಷರೂ ಆಗಿರುವರು. 2009ರ ಪ್ರಾಣಿಗಳ ಸಾಂಸರ್ಗಿಕ ರೋಗಗಳ ತಡೆ ಹಾಗೂ ನಿಯಂತ್ರಣ ಕಾಯದೆಯ ಮೇರೆಗೆ, ಅನುಸೂಚಿತ ರೋಗದ ಸಂಶಯವುಳ್ಳ ಪ್ರಾಣಿಯ ಮಾಲಕನು ಆ ಸಂಗತಿಯನ್ನು ಗ್ರಾಮಾಧಿಕಾರಿಗೆ ಇಲ್ಲವೆ ಗ್ರಾಮ ಪಂಚಾಯತಿಗೆ ತಿಳಿಸಬೇಕು. ಅಲ್ಲಿಂದ ಅದು ಹತ್ತಿರದ ಪಶುವೈದ್ಯರಿಗೆ ಮುಟ್ಟಬೇಕು. ಅಷ್ಟರೊಳಗೆ ರೋಗದ ಪ್ರಾಣಿಯನ್ನು ನಿರೋಗಿಗಳಿಂದ ಬೇರೆ ಇಡಬೇಕು. ರಾಣಿಖೇತವೂ ಹಕ್ಕಿಜ್ವರವೂ ಆ ಅನುಸೂಚಿಯಲ್ಲಿ ಸೇರಿವೆ. ಅಂದಮೇಲೆ ಸುದ್ದಿಯು ಮೊದಲು ಬರುವ ಬಾಗಿಲು ನಿಮ್ಮದೇ. ಆ ಬಾಗಿಲಲ್ಲಿ ಅದು ನಿಂತುಹೋದರೆ ಮುಂದೆ ಹೋಗಲು ಬೇರೆ ಹಾದಿಯಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತುವೆನು. ಬಿರುಸಾದ ನಿಯಮಗಳನ್ನು ಮಾಡಿದರೆ ಜನರು ಮುಚ್ಚಿಡುವರು. ಕೋಳಿ ಸತ್ತ ಮನೆಯವನು ಉಳಿದವುಗಳನ್ನು ರಾತ್ರೋರಾತ್ರಿ ಬುಟ್ಟಿಯಲ್ಲಿ ತುಂಬಿ ಮರುದಿನದ ಸಂತೆಗೆ ಒಯ್ಯುವನು. ಪಂಜರದ ಹಕ್ಕಿಯವನು ಬೀಗರ ಮನೆಗೆ ಸಾಗಿಸುವನು. ಈ ಆಕ್ಷೇಪವು ನಿಜವಾದುದು. ಅದಕ್ಕೆ ಪರಿಹಾರವು ಇನ್ನೂ ಬಿರುಸಾದ ನಿಯಮವಲ್ಲ. ಮೊದಲು ಬಂದು ಹೇಳಿದವನಿಗೆ ಊರಿನಲ್ಲಿ ಅವಮಾನವಾಗದಂತೆ ನೋಡಿಕೊಳ್ಳುವದೇ ಅದರ ಪರಿಹಾರವು. 'ನಿನ್ನಿಂದ ಊರಿಗೆ ರೋಗ ಬಂದಿತು' ಎಂದು ಅವನನ್ನು ಬೈಯುವ ಬದಲು, 'ನೀನು ಹೇಳಿದ್ದರಿಂದ ಊರು ಉಳಿಯಿತು' ಎಂದು ನಾಲ್ಕು ಜನರೆದುರು ಹೇಳಬಲ್ಲ ಹಿರಿಯನಿರುವ ಊರಿನಲ್ಲಿ ರೋಗವು ಅಡಗಿ ಕೂಡ್ರಲಾರದು. ಹಕ್ಕಿಜ್ವರದಲ್ಲಿ ಸರಕಾರದ ಆಜ್ಞೆಯಿಂದ ನಾಶಪಡಿಸಿದ ಕೋಳಿಗಳಿಗೆ ಪರಿಹಾರ ಧನದ ಏರ್ಪಾಡಿದೆ. ಅದನ್ನು ಬಡವರಿಗೆ ತಿಳಿಸಿ, ಅರ್ಜಿ ಬರೆದುಕೊಟ್ಟು, ಅವರ ಕೈಗೆ ಮುಟ್ಟುವಂತೆ ಮಾಡುವದೂ ಹಿರಿಯರ ಕೆಲಸವೇ.

ನಗರದಿಂದ ಹಕ್ಕಿಯನ್ನು ತೆಗೆದುಕೊಳ್ಳಲೇಬೇಕಾದ ಪ್ರಸಂಗ ಬಂದರೆ ಈ ಕೆಳಗಿನ ಕ್ರಮವನ್ನು ಊರಿನ ರೂಢಿಯನ್ನಾಗಿ ಮಾಡಿಕೊಳ್ಳಬೇಕೆಂದು ನನ್ನ ಸೂಚನೆಯಿದೆ. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುವೆವು, ಸುಳಿ ನೋಡುವೆವು, ನಡೆಯಿಸಿ ಗೊರಸು ನೋಡುವೆವು. ಪುಕ್ಕಟೆ ಬಂದ ಹಕ್ಕಿಯನ್ನು ಮಾತ್ರ ಏನೂ ಕೇಳದೆ ತೆಗೆದುಕೊಳ್ಳುವೆವು. ಆದುದರಿಂದ ಮೊದಲನೆಯದಾಗಿ, ಹಕ್ಕಿಯ ಸಂಗಡ ಒಂದು ಚೀಟಿಯು ಬರತಕ್ಕದ್ದು: ಅದನ್ನು ಎಲ್ಲಿಂದ ಕೊಂಡದ್ದು, ಅದರ ಜೊತೆಯಲ್ಲಿ ಯಾವ ಹಕ್ಕಿಗಳು ಇದ್ದುವು, ಅವುಗಳಲ್ಲಿ ಎಷ್ಟು ಸತ್ತುವು, ಯಾವ ಔಷಧವನ್ನು ಯಾವ ತಾರೀಖಿನವರೆಗೆ ಕೊಟ್ಟರು, ಪಶುವೈದ್ಯರು ಏನೆಂದರು. ಚೀಟಿ ಕೊಡಲೊಲ್ಲದವನ ಹಕ್ಕಿಯನ್ನು ಒಲ್ಲೆನೆನ್ನುವದಕ್ಕೆ ದಾಕ್ಷಿಣ್ಯ ಪಡಬೇಕಾದುದಿಲ್ಲ. ಎರಡನೆಯದಾಗಿ, ಬಂದ ಹಕ್ಕಿಯನ್ನು ಕಡಿಮೆಯೆಂದರೆ 30 ದಿವಸ, ಗಿಳಿಯ ಜಾತಿಯದಾದರೆ 45 ದಿವಸ, ಕೋಳಿಗಳ ಸುಳಿವಿಲ್ಲದ ಪ್ರತ್ಯೇಕ ಕೋಣೆಯಲ್ಲಿಡಬೇಕು. ಬೇರೆ ಗುಬ್ಬಿ-ಕಾಗೆಗಳು ಅದರ ಕಾಳು-ನೀರಿಗೆ ಬಾಯಿ ಹಾಕದಂತೆ ಜಾಳಿಗೆಯಿರಬೇಕು. ಮೂರನೆಯದಾಗಿ, ಮೊದಲು ಮನೆಯ ಕೋಳಿಗಳನ್ನು ನೋಡಿಕೊಂಡು ಕಡೆಗೆ ಹೊಸ ಹಕ್ಕಿಯ ಕಡೆಗೆ ಹೋಗಬೇಕು. ತಿರುಗಿ ಬಂದು ಕೈಕಾಲುಗಳನ್ನು ಸಾಬೂನಿನಿಂದ ತೊಳೆಯಬೇಕು. ಆ ಕೋಣೆಯ ಚಪ್ಪಲಿ ಅಲ್ಲಿಯೇ ಇರಬೇಕು. ನಾಲ್ಕನೆಯದಾಗಿ, ಪಂಜರವನ್ನು ಒಣಗಿದ್ದಂತೆ ಗುಡಿಸಬಾರದು. ಮೊದಲು ನೀರು ಚಿಮುಕಿಸಿ, ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಸಿಯಾಗಿಯೇ ತೆಗೆಯಬೇಕು. ತೆಗೆದುದನ್ನು ತಿಪ್ಪೆಗೆ ಒಗೆಯದೆ ಸುಡಬೇಕು, ಇಲ್ಲವೆ ಸುಣ್ಣದೊಂದಿಗೆ ಆಳವಾಗಿ ಹುಗಿಯಬೇಕು. ಈ ಕೆಲಸವನ್ನು ಮಕ್ಕಳಿಂದಲೂ ಬಸುರಿಯರಿಂದಲೂ ಮಾಡಿಸಕೂಡದು. ಐದನೆಯದಾಗಿ, ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ-ಕೆಮ್ಮು ಬಂದರೆ ವೈದ್ಯರ ಮುಂದೆ 'ಮನೆಯಲ್ಲಿ ಹಕ್ಕಿಯಿದೆ' ಎಂಬ ಮಾತನ್ನು ಮರೆಯದೆ ಹೇಳಬೇಕು. ಆ ಒಂದು ಮಾತಿನಿಂದ ರೋಗನಿದಾನವು ಸುಲಭವಾಗುವದು.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಊರಿನ ಕೋಳಿಗಳಿಗೆ ರಾಣಿಖೇತದ ಲಸಿಕೆಯನ್ನು ಹಾಕಿಸುವದು. ಮರಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿಯೂ, ಎಂಟು ವಾರಗಳ ಸುಮಾರಿಗೆ ಚುಚ್ಚುಮದ್ದಾಗಿಯೂ ಇದನ್ನು ಕೊಡುವರು. ಈ ಲಸಿಕೆಯು ಬಿಸಿಲಿಗೆ ಕೆಡುವದರಿಂದ ಹಿಮದಲ್ಲಿಟ್ಟು ತರಬೇಕು. ಒಂದು ಶೀಶೆಯಲ್ಲಿ ನೂರಾರು ಕೋಳಿಗಳಿಗೆ ಸಾಲುವಷ್ಟು ಮದ್ದು ಇರುವದರಿಂದ ಐದು ಕೋಳಿಯವಳು ಒಬ್ಬಳೇ ತರಲಾರಳು. ಊರವರೆಲ್ಲ ಕೂಡಿ ಒಂದು ದಿವಸವನ್ನು ಗೊತ್ತುಪಡಿಸಿದರೆ ಮಾತ್ರ ಇದು ಸಾಧ್ಯವು. ಡಂಗುರ ಸಾರಿಸಿ, ಪಶುವೈದ್ಯರನ್ನು ಕರೆಯಿಸಿ, ಗೌಡರ ಕಟ್ಟೆಯ ಮುಂದೆಯೇ ಎಲ್ಲರ ಕೋಳಿಗಳಿಗೂ ಲಸಿಕೆ ಹಾಕಿಸಿದ ಊರಿನಲ್ಲಿ, ಒಂದು ವೇಳೆ ತಪ್ಪಿ ಒಂದು ರೋಗದ ಹಕ್ಕಿಯು ಬಂದರೂ ಅದರ ಕೇಡು ಬಹಳ ಮಟ್ಟಿಗೆ ಕಡಿಮೆಯಾಗುವದು. ಆದರೂ ಲಸಿಕೆ ಹಾಕಿದ ಕೋಳಿಯು ತಾನು ಸಾಯದೆಯೇ ರೋಗಬೀಜವನ್ನು ಹೊರಬಹುದಾದ್ದರಿಂದ, ಲಸಿಕೆಯೆಂದು ಮೈಮರೆತು ಉಳಿದ ಎಚ್ಚರಿಕೆಗಳನ್ನು ಬಿಡಬಾರದು. ಸಂಶಯ ಬಂದಲ್ಲಿ ತಾಲೂಕಿನ ಪಶು ಆಸ್ಪತ್ರೆಗೆ ತಿಳಿಸಬಹುದು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಪಶುವೈದ್ಯರ ಸಹಾಯವನ್ನು ಕೇಳಬಹುದು. ಸತ್ತ ಹಕ್ಕಿಯನ್ನು ಹಳ್ಳಕ್ಕೆ ಒಗೆದು ಬಂದು ಆಮೇಲೆ ವೈದ್ಯರನ್ನು ಕರೆದರೆ ಅವರು ಏನನ್ನು ಪರೀಕ್ಷಿಸಬೇಕು? ಬರಿಗೈಯಿಂದ ಮುಟ್ಟದೆ, ನಾಯಿ-ಬೆಕ್ಕುಗಳಿಗೆ ಸಿಗದಂತೆ ಮುಚ್ಚಿಟ್ಟು, ಅವರು ಹೇಳಿದಂತೆ ನಡೆಯತಕ್ಕದ್ದು.

ಕಡೆಯದಾಗಿ ಒಂದು ವಿಜ್ಞಾಪನೆ. ಹಕ್ಕಿಯನ್ನು ಕೊಳ್ಳುವಾಗಲೇ ಅದರ ಆಯುಷ್ಯವನ್ನೂ ಕೊಂಡಂತೆ ಎಂಬದನ್ನು ನಗರದಲ್ಲಿರುವ ನಿಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ತಿಳಿಸಿ ಹೇಳಿರಿ. ಸಣ್ಣ ಗಿಳಿಯು ಐದೆಂಟು ವರ್ಷ, ಕಾಕಟೀಲು ಹದಿನೈದು ವರ್ಷ, ದೊಡ್ಡ ಗಿಳಿಯು ಅದಕ್ಕಿಂತಲೂ ಹೆಚ್ಚು ಬಾಳಬಲ್ಲುದು. ಅಷ್ಟು ವರ್ಷಗಳ ಸಲಹುವಿಕೆಗೆ ಸಿದ್ಧರಲ್ಲದವರು ಹಕ್ಕಿಯನ್ನು ತರದಿರುವದೇ ಲೇಸು. ತಂದವರು ಅದರ ಸುಖದ ದಿವಸಗಳನ್ನು ತಾವಿಟ್ಟುಕೊಂಡು ರೋಗದ ದಿವಸಗಳನ್ನು ಹಳ್ಳಿಗೆ ಕಳಿಸುವ ಪದ್ಧತಿಯು ನಿಲ್ಲಬೇಕು. ಮುಂದಿನ ಸಾರಿ ನಿಮ್ಮ ಕಟ್ಟೆಗೆ ಒಂದು ಪಂಜರವು ಬಂದಾಗ, ಅದರೊಳಗಿನ ಹಕ್ಕಿಯನ್ನು ನೋಡುವ ಮೊದಲು, ಬೇಲಿಯಾಚೆಗಿನ ಆ ಗುಡಿಸಲಿನ ಕಡೆಗೆ ಒಮ್ಮೆ ನೋಡಿರಿ. ಆ ಮೇಲೆ 'ಇಡು' ಎಂದಾಗಲಿ 'ಒಯ್ಯು' ಎಂದಾಗಲಿ ಹೇಳಿರಿ. ಊರ ಹಿರಿಯರೆನ್ನಿಸಿಕೊಂಡವರ ಮಾತಿಗೆ ಬೆಲೆಯು ಬರುವದು ಇಂಥ ಸಣ್ಣ ಪ್ರಸಂಗಗಳಲ್ಲಿಯೇ.